ಕಾಕಾನ ಕನ್ನಡದಲ್ಲಿ ಯಾರೂ ಬಾಯಿ ಬಿಡಲಿಲ್ಲ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಓಡಾಡುವ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದಿದ್ದೇನೆ. ಈ ಕೆಲಸ ಮಾಡಿದವರಿಗೆ ಒಂದು ಗುಣ ಅಂಟಿಕೊಳ್ಳುತ್ತದೆ: ಯಾರನ್ನೂ ನಂಬುವುದಿಲ್ಲ. ಪಾಸ್ ಇದೆ ಅನ್ನುವವನ ಕೈ ಕಿಸೆಗೆ ಹೋಗುವ ಮೊದಲು ಕಣ್ಣು ಕಿಟಕಿಗೆ ಹೋಯಿತೆಂದರೆ ಪಾಸ್ ಇಲ್ಲ ಎಂದೇ ಅರ್ಥ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೂ ನನ್ನ ಅನುಮಾನ ಕಡಿಮೆಯಾಗಲಿಲ್ಲ. ಆಧಾರ್ ಕಾರ್ಡಿನ ಫೋಟೋ ನೋಡುತ್ತೇನೆ, ಮುಖ ನೋಡುತ್ತೇನೆ, ಮತ್ತೆ ಫೋಟೋ ನೋಡುತ್ತೇನೆ. "ನಿನ್ನ ಮುಂದ ಉಸರ ಹಾಕಾಕೂ ಟಿಕೀಟ ತಗೀಬೇಕು" ಎಂದು ಮನೆಯಲ್ಲಿ ಗಂಡ ಚೇಷ್ಟೆ ಮಾಡುತ್ತಾನೆ. ಮಾಡಲಿ. ಅವನ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ.

ಆದರೆ ಈ ಗುಣ ಬಸ್ಸಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ನಾನು ಹುಟ್ಟುವ ಮೊದಲೇ ನಮ್ಮ ಮನೆಯಲ್ಲಿ ಒಬ್ಬ ದ್ರೋಹಿಯ ಗುರುತು ಹತ್ತಿತ್ತು. ಅವನು ನನ್ನ ಅಪ್ಪನ ಖಾಸಾ ತಮ್ಮ, ನನ್ನ ಕಾಕಾ.

ಆಗ ಎಮರ್ಜೆನ್ಸಿ. ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಅಪ್ಪ ಬೈಲಹೊಂಗಲದ ಸಣ್ಣದೊಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಲಗ್ನಪತ್ರಿಕೆ, ಗೊಬ್ಬರದಂಗಡಿಯ ರಸೀದಿ, ಇಂಥವು. ಕಾಕಾ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ. ಸರಕಾರವನ್ನು ಬೈದು ಕಾಕಾ ಬರೆದುಕೊಟ್ಟ ಕರಪತ್ರಗಳನ್ನು ಅಪ್ಪ ಪ್ರೆಸ್ಸಿನ ಮಾಲೀಕ ಮನೆಗೆ ಹೋದ ಮೇಲೆ ಅಚ್ಚು ಹಾಕುತ್ತಿದ್ದ. ಪೊಲೀಸರಿಗೆ ವಾಸನೆ ಹತ್ತಿತು ಎಂಬ ಸುದ್ದಿ ಬಂದ ದಿನ ಕಾಕಾ ಅಪ್ಪನನ್ನು ಮನೋಳಿಯಲ್ಲಿ ಗುರುತಿನವರೊಬ್ಬರ ಪೇರಲ ತೋಟದಲ್ಲಿ, ಮಲಪ್ರಭೆಯ ದಂಡೆಯ ಪಂಪ್‌ಹೌಸಿನಲ್ಲಿ ಇಟ್ಟು ಬಂದ. ತೋಟದವರಿಗೂ ಹೇಳಿರಲಿಲ್ಲ; ಆ ಜಾಗ ಅಣ್ಣತಮ್ಮ ಇಬ್ಬರಿಗೇ ಗೊತ್ತು. ವಾರ ತುಂಬುವುದರೊಳಗೆ ಪೊಲೀಸರು ಊರಲ್ಲಿ ಯಾರನ್ನೂ ಕೇಳದೆ ನೆಟ್ಟಗೆ ತೋಟಕ್ಕೇ ಬಂದರು.

ಅಪ್ಪ ಕೆಲವು ತಿಂಗಳ ಮೇಲೆ ತಿರುಗಿ ಬಂದ. ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಮೊಳೆ ಹಿಡಿಯುವ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಸಾಯುವ ತನಕ ಹಿಟ್ಟಿನ ಗಿರಣಿ ನಡೆಸಿದ. ತಮ್ಮನನ್ನು ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ, ಅಷ್ಟೇ. ಕಾಕಾ ರಾಮದುರ್ಗದಲ್ಲಿ ಇಂಗ್ಲಿಷ್ ಮಾಸ್ತರನಾದ. ಮದುವೆಯಾಗಲಿಲ್ಲ. ಅಣ್ಣನನ್ನು ಹಿಡಿದುಕೊಟ್ಟವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಮ್ಮ ಓಣಿಯ ಹೆಂಗಸರು ಆಡಿಕೊಳ್ಳುವುದನ್ನು ಕೇಳುತ್ತಲೇ ನಾನು ದೊಡ್ಡವಳಾದೆ. ಕಂಡಕ್ಟರ್ ಆದ ಮೇಲೆ ಅವನು ರಾಮದುರ್ಗದಲ್ಲಿ ನನ್ನ ಬಸ್ಸು ಹತ್ತಿದರೆ ಮುಖ ನೋಡದೆ ಟಿಕೆಟ್ ಕೊಡುತ್ತಿದ್ದೆ. ಅಪ್ಪ ಸತ್ತ ದಿನ ಅವನು ಬಂದು ಹೆಣ ಎತ್ತುವ ತನಕ ಎದುರಿನ ಮನೆಯ ಕಟ್ಟೆಯ ಹತ್ತಿರ ನಿಂತಿದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಅಪ್ಪ ಹೋಗಿ ವರ್ಷ ತುಂಬಿದ ಮೇಲೆ ಅವ್ವ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು.

"ಇನ್ನ ಅಂವ ಮನಿಗೆ ಬರ್ಲಿ."

"ಯಾರು?"

"ನಿಮ್ಮ ಕಾಕಾ."

ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಕೈ ಮುರಿಸಿದವನಿಗೆ ಇದೇ ಮನೆಯಲ್ಲಿ ಚಹಾ ಕೊಡುವುದೇನು ಎಂದು ಕೂಗಾಡಿದೆ. ಅವ್ವ ವಾದ ಮಾಡಲಿಲ್ಲ. ನಾನು ಡ್ಯೂಟಿಗೆ ಹೋದಾಗ ತಾನೇ ಯಾರದೋ ಫೋನಿನಿಂದ ಅವನನ್ನು ಕರೆಸಿದಳು. ರಿಟೈರ್ ಆಗಿದ್ದ ಕಾಕಾ ಬೈಲಹೊಂಗಲದಲ್ಲೇ ಒಂದು ಖೋಲಿ ಹಿಡಿದ. ದಿನಾ ಮುಂಜಾನೆ ಬಂದು ಪಡಸಾಲೆಯ ಕಂಬಕ್ಕೆ ಆತುಕೊಂಡು ಕೂತು ಚಹಾ ಕುಡಿಯುತ್ತಿದ್ದ. ನಮ್ಮ ಕಡೆ ಕಾಕಾನಿಗೆ ನೀ ಅನ್ನುವುದು ಸಲಿಗೆಯ ರೂಢಿ. ನಾನು ಬೇಕೆಂತಲೇ "ಕುಂಡರ್ರಿ, ಚಹಾ ತಗೋರಿ" ಎಂದು ರೀ ಹಚ್ಚಿ ಮಾತಾಡುತ್ತಿದ್ದೆ. ಅವ್ವನಿಗೆ ಅದು ತಿಳಿಯುತ್ತಿತ್ತು. ಅವನಿಗೂ ತಿಳಿಯುತ್ತಿತ್ತು.

ಆಮೇಲೆ ಈ ಸಿನಿಮಾದ ಹುಚ್ಚು ಶುರುವಾಯಿತು. ಎಲ್ಲಿಂದಲೋ ಒಂದು ಪ್ರೊಜೆಕ್ಟರ್ ತಂದ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಒಂದು ಸಲ ಬೈಲಹೊಂಗಲ, ಒಂದು ಸಲ ಕಿತ್ತೂರು, ಆಮೇಲೆ ಸವದತ್ತಿ, ಆಮೇಲೆ ರಾಮದುರ್ಗ. ಕಿತ್ತೂರಲ್ಲಿ ಹೈವೇ ಪಕ್ಕದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿನ ಹಾಲ್, ರಾಮದುರ್ಗದಲ್ಲಿ ಬುದ್ಧ ವಿಹಾರಕ್ಕೆ ಹತ್ತಿದ ಸಮುದಾಯ ಭವನ. ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡುವುದು, ಗೋಡೆಗೆ ಬಿಳಿ ಪಂಚೆ ಬಿಗಿಯುವುದು. ತೋರಿಸುವ ಸಿನಿಮಾ ಎಲ್ಲವೂ ಒಂದೇ ಜಾತಿಯವು: ಮಿಲಿಟರಿಯವರು ಸರಕಾರ ಕಿತ್ತುಕೊಂಡು ಕೂತ ದೇಶಗಳಲ್ಲಿ ಸಾದಾ ಜನ ಹೇಗೆ ಬಾಳಿದರು, ಹೇಗೆ ಎದುರು ನಿಂತರು ಎಂಬ ಸಿನಿಮಾಗಳು.

ಇವನಿಗೇ ಏಕೆ ಇಂಥ ಸಿನಿಮಾ ಬೇಕು ಎಂದು ನನಗೆ ತಲೆ ಕೊರೆಯಿತು. ಪಾಪ ತೊಳೆದುಕೊಳ್ಳಲಿಕ್ಕೋ, ಅಥವಾ ಊರ ಮುಂದೆ ತಾನೂ ಹೋರಾಟಗಾರ ಅನ್ನಿಸಿಕೊಳ್ಳಲಿಕ್ಕೋ? ನಾನು ಹೋಗುವವಳಲ್ಲ. ಆದರೆ ಅವ್ವ ಒಂದನ್ನೂ ಬಿಡುವುದಿಲ್ಲ ಎಂದಳು, ಅವಳನ್ನು ಕರೆದುಕೊಂಡು ಹೋಗಲೇಬೇಕು. ಖರೆ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಅಪ್ಪನನ್ನು ಹಿಡಿದುಕೊಟ್ಟದ್ದು ಕಾಕಾ ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ನನಗೆ ಅವನ ಬಾಯಿಂದಲೇ ಕೇಳಬೇಕಿತ್ತು. ಕತ್ತಲಲ್ಲಿ ಇಂಥ ಸಿನಿಮಾ ನೋಡುತ್ತ ಒಂದಲ್ಲ ಒಂದು ದಿನ ಬಾಯಿ ಬಿಟ್ಟೇ ಬಿಡುತ್ತಾನೆ ಎಂದು ಕಾದೆ.

ಸಿನಿಮಾ ಯಾವ್ಯಾವುದೋ ಭಾಷೆಯವು, ಕೆಳಗೆ ಇಂಗ್ಲಿಷ್ ಅಕ್ಷರ. ಅವು ಓಡುವ ವೇಗಕ್ಕೆ ನಮ್ಮಲ್ಲಿ ಯಾರಿಗೂ ಓದಲು ಆಗುವುದಿಲ್ಲ. ಅದಕ್ಕೆ ಕಾಕಾ ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ನಿಂತು ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಹೇಳುವುದೆಂದರೆ ಮಾಸ್ತರಿಕೆಯ ಕನ್ನಡವಲ್ಲ, ನಮ್ಮ ಸಂತೆಯ ಕನ್ನಡ. ಎದೆ ತುಂಬ ಪದಕ ಹಚ್ಚಿಕೊಂಡ ಜನರಲ್ "ಏನಲೇ, ಭಾಳ ಸೊಕ್ಕ ಬಂದೈತೇನ" ಅನ್ನುತ್ತಿದ್ದ. ಅವನ ಹೆಂಡತಿ "ಊಟಕ್ಕರೆ ಬರ್ರಿ, ರಾಜ್ಯ ನಾಳಿಗಿ ಆಳೀರಂತ" ಅನ್ನುತ್ತಿದ್ದಳು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಬ್ರೆಡ್ಡಿನೊಳಗೆ ಚೀಟಿ ಇಟ್ಟು ಸುದ್ದಿ ಕಳಿಸುವ ಬೇಕರಿಯವನನ್ನು ಹಿಡಿದಾಗ ಅದೇ ಜನ ಉಸಿರು ಬಿಗಿ ಹಿಡಿದರು. ಇನ್ನೊಂದು ಸಿನಿಮಾದಲ್ಲಿ ಶಾಲೆಯ ಮಾಸ್ತರ ಒಂದು ದಿನ ಬರುವುದಿಲ್ಲ. ಅವನು ಎಲ್ಲಿ ಎಂದು ಮಕ್ಕಳು ಕೇಳುವುದಿಲ್ಲ, ಬೇರೆ ಮಾಸ್ತರ ಬಂದು ಅದೇ ಪಾಠ ಮುಂದುವರಿಸುತ್ತಾನೆ. ಕಾಕಾನ ಮುಂದೆ ಕಣ್ಣೀರು ಹಾಕಬಾರದೆಂದು ಕೆಮ್ಮಿದೆ.

ನಮ್ಮ ಸೀಮೆಯಲ್ಲಿ ಓಣಿಗೊಬ್ಬರಾದರೂ ಸೈನ್ಯಕ್ಕೆ ಹೋದವರು ಇರುತ್ತಾರೆ. ಮಿಲಿಟ್ರಿ ಅಂದರೆ ನಮಗೆ ಕಪ್ಪು ಟ್ರಂಕು, ಕ್ಯಾಂಟೀನಿನ ಸಾಮಾನು, ರಜೆಗೆ ಬಂದ ಅಣ್ಣ. ಹಾಗಾಗಿ ಮೊದಲನೇ ಸಿನಿಮಾದಲ್ಲೇ ಒಬ್ಬ ರಿಟೈರ್ಡ್ ಸುಬೇದಾರ ಎದ್ದು ನಿಂತ.

"ಮಾಸ್ತರ, ಇದೇನ ತೋರಸಾಕತ್ತೀರಿ? ಯುನಿಫಾರ್ಮ್ ಹಾಕಿದವರೆಲ್ಲಾ ರಾಕ್ಷಸರೇನ್ರಿ? ನಾವು ಇಪ್ಪತ್ತ ವರ್ಷ ಬರ್ಫದಾಗ ನಿಂತ ಬಂದೇವಿ."

"ನೀವು ಗಡಿ ಕಾಯ್ದೀರಿ, ಸುಬೇದಾರರ. ಇವರು ಜನರ ಮನಿ ಬಾಗಲಾ ಕಾಯಾಕತ್ತಾರ. ಅಷ್ಟ ಫರಕ" ಎಂದ ಕಾಕಾ.

"ನಮ್ಮ ದೇಶದಾಗ ಇಂಥಾದ್ದು ಆಗಿಲ್ಲ."

"ಮಿಲಿಟ್ರಿ ಮಾಡಿಲ್ರಿ, ಅದು ಖರೆ" ಎಂದು ಕಾಕಾ ಅಷ್ಟಕ್ಕೇ ನಿಲ್ಲಿಸಿದ. ಸುಬೇದಾರ ಕೂತ. ಆಮೇಲೆ ಒಂದು ಸಿನಿಮಾವನ್ನೂ ತಪ್ಪಿಸಲಿಲ್ಲ, ಪ್ರತಿ ಸಲ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದ. ನಾನು ಅವನ ಮೇಲೂ ಒಂದು ಕಣ್ಣಿಟ್ಟೆ.

ಇಂಥ ಸಿನಿಮಾಗಳ ದೋಷವೆಂದರೆ ನೋಡಿದವರಿಗೆ ರೋಗ ಹತ್ತುತ್ತದೆ. ಸಾಲಾಗಿ ಐದಾರು ನೋಡಿದ ಮೇಲೆ ನಮ್ಮವರು ಒಬ್ಬರ ಮುಖ ಒಬ್ಬರು ನೋಡಲು ಶುರು ಮಾಡಿದರು. ಯಾರು ಯಾಕೆ ಬಂದಿದ್ದಾರೆ, ಯಾರು ಫೋನಿನಲ್ಲಿ ಏನು ಒತ್ತುತ್ತಿದ್ದಾರೆ. ಕಿತ್ತೂರಿನಲ್ಲಿ ಒಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಪರದೆಯನ್ನು ಬಿಟ್ಟು ಛಾವಣಿ, ಫ್ಯಾನು, ಕುರ್ಚಿಗಳ ಸಾಲು ಎಲ್ಲ ನೋಡುತ್ತಿದ್ದ, ಫೋಟೋ ಕೂಡ ತೆಗೆದ. ಒಬ್ಬರು ಸರಕಾರದ ಕಡೆಯವ ಎಂದರು, ಇನ್ನೊಬ್ಬರು ಯಾವುದೋ ಪಕ್ಷದವನು ಎಂದರು. ಕೊನೆಗೆ ನಾನೇ ಹೋಗಿ ಟಿಕೆಟ್ ಕೇಳುವ ದನಿಯಲ್ಲಿ ಯಾರ್ರಿ ನೀವು ಎಂದೆ. ಮಗಳ ಎಂಗೇಜ್‌ಮೆಂಟಿಗೆ ಹಾಲ್ ನೋಡಲು ಬಂದಿದ್ದನಂತೆ. ಪಾಪ, ಹೆದರಿ ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲಿಳಿದ.

ಎಲ್ಲರೂ ಹೊರಗಿನವರನ್ನು ಅನುಮಾನಿಸುತ್ತಿದ್ದಾಗ ನನ್ನ ಕಣ್ಣು ಮೈಕಿನ ಮೇಲೇ ಇತ್ತು. ಅದು ಫಲ ಕೊಟ್ಟದ್ದು ಸವದತ್ತಿಯಲ್ಲಿ.

ಆ ಸಿನಿಮಾದಲ್ಲಿ ಒಬ್ಬ ದರ್ಜಿಯನ್ನು ಕುರ್ಚಿಗೆ ಕಟ್ಟಿದ್ದಾರೆ. ಅಧಿಕಾರಿ ಒಬ್ಬ ಎದುರಿಗೆ ಕೂತು ಏನೋ ಕೇಳುತ್ತಾನೆ. ಕೆಳಗೆ 'ನೇಮ್' ಎಂಬ ಇಂಗ್ಲಿಷ್ ಪದ ಬಂತು. ದಿನಾ ಗುರುತಿನ ಚೀಟಿ ನೋಡುವ ನನಗೆ ಆ ನಾಲ್ಕು ಅಕ್ಷರ ಕತ್ತಲಲ್ಲೂ ಗೊತ್ತಾಗುತ್ತದೆ. ದರ್ಜಿ ತಲೆ ತಗ್ಗಿಸಿದ, ಅವನ ತುಟಿ ಅಲುಗಿತು, ಏನೋ ಹೇಳಿದ. ಕಾಕಾ ಮೈಕಿನಲ್ಲಿ ಅಂದ: "ಸತ್ತರೂ ಹೇಳಂಗಿಲ್ಲ ಅಂದ. ಬಾಯಿ ಬಿಡಲಿಲ್ಲ."

ಮುಂದಿನ ದೃಶ್ಯದಲ್ಲಿ ಸೈನಿಕರು ಬೇರೆ ಯಾರದೋ ಮನೆಯ ಬಾಗಿಲು ಒಡೆಯುತ್ತಿದ್ದರು.

"ಈ ಮನಿ ಅವರಿಗೆ ಹೆಂಗ ಗೊತ್ತಾತ್ರಿ, ಮಾಸ್ತರ?" ಎಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು.

"ಹೆಂಗೋ ಗೊತ್ತಾಗಿರತೈತಿ" ಎಂದ ಕಾಕಾ.

ನನ್ನ ಅಪ್ಪನ ಪಂಪ್‌ಹೌಸೂ ಹೆಂಗೋ ಗೊತ್ತಾಗಿತ್ತಲ್ಲ.

ಅವ್ವನಿಗೆ ಇನ್ನೊಮ್ಮೆ ನೋಡಬೇಕಂತೆ ಎಂದು ಸುಳ್ಳು ಹೇಳಿ ಮರುದಿನ ಅವನ ಪೆನ್ ಡ್ರೈವ್ ಇಸಿದುಕೊಂಡೆ. ಮನೆಯ ಟೀವಿಗೆ ಹಚ್ಚಿ, ದರ್ಜಿಯ ಜಾಗಕ್ಕೆ ಬಂದು ನಿಲ್ಲಿಸಿದೆ. ಈಗ ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷನ್ನು ಕನ್ನಡ ಮಾಡಿ ತೋರಿಸುತ್ತದೆ. ಹರಕು ಮುರುಕು ಕನ್ನಡ, ಆದರೆ ಅದಕ್ಕೆ ಯಾರ ಮುಲಾಜೂ ಇಲ್ಲ. ದರ್ಜಿ ಗೆಳೆಯನ ಹೆಸರು ಹೇಳಿದ್ದ. ಮನೆಯ ಗುರುತನ್ನೂ ಹೇಳಿದ್ದ. ಆ ಪೆನ್ ಡ್ರೈವಿನಲ್ಲಿ ಹಿಂದಿನ ಸಿನಿಮಾಗಳೂ ಇದ್ದವು. ರಜೆ ಇದ್ದಾಗಲೆಲ್ಲ ಒಂದೊಂದೇ ತೆಗೆದು ನೋಡಿದೆ. ಬೇಕರಿಯವನನ್ನು ಅವನ ಪಾಲುದಾರನೇ ತೋರಿಸಿಕೊಟ್ಟಿದ್ದ. ಮಾಸ್ತರನ ಬಗ್ಗೆ ಒಬ್ಬ ಹುಡುಗನ ತಾಯಿ ಹೇಳಿದ್ದಳು. ಎಲ್ಲ ಕಡೆಯೂ ಯಾರೋ ಒಬ್ಬರು ಹೆದರಿ, ನೋವು ತಾಳದೆ, ಮಕ್ಕಳ ಮುಖ ನೋಡಿ ಬಾಯಿ ಬಿಟ್ಟಿದ್ದರು. ಕಾಕಾನ ಕನ್ನಡದಲ್ಲಿ ಮಾತ್ರ ಒಬ್ಬರೂ ಬಿಟ್ಟಿರಲಿಲ್ಲ. ಬೈಲಹೊಂಗಲದ ಜನರ ಲೆಕ್ಕದಲ್ಲಿ ಆ ದೇಶಗಳ ತುಂಬ ಬರೀ ವೀರರೇ ಇದ್ದರು, ಆದರೂ ಎಲ್ಲರೂ ಹೆಂಗೋ ಸಿಕ್ಕಿಬೀಳುತ್ತಿದ್ದರು.

ನನಗೆ ಇನ್ನೇನು ಬೇಕಿತ್ತು. ಮಾಡಿದವನಿಗೇ ಅಲ್ಲವೇ ಆ ಮಾತು ಬಾಯಿಂದ ಬಾರದಿರುವುದು.

ಕಾಕಾನಿಗೆ ರಾಮದುರ್ಗದ ಹಾಲಿನ ವ್ಯವಸ್ಥೆ ನೋಡುವುದಿತ್ತು. ಸವದತ್ತಿಯಲ್ಲಿ ನನ್ನ ಬಸ್ಸೇ ಹತ್ತಿದ. ಮಧ್ಯಾಹ್ನದ ಟ್ರಿಪ್, ಮುಂದೆ ನಾಲ್ಕು ಜನ ಮುದುಕರು ಜೋಲಿ ಹೊಡೆಯುತ್ತಿದ್ದರು. ಟಿಕೆಟ್ ಕೊಟ್ಟು ನಾನೂ ಅವನ ಪಕ್ಕದಲ್ಲಿ ಕೂತೆ. ಬದುಕಿನಲ್ಲಿ ಮೊದಲ ಸಲ.

"ದರ್ಜಿ ಹೆಸರು ಹೇಳಿದ್ನಲ್ರಿ. ನೀವ್ಯಾಕ ಹೇಳಿಲ್ಲ ಅಂದ್ರಿ?"

ಅವನು ಬೆಚ್ಚಲಿಲ್ಲ. "ನೋಡಿದಿ ಏನು" ಎಂದ.

"ಎಲ್ಲಾ ನೋಡೇನಿ. ಮಿಲಿಟ್ರಿಯವರು ಸಿನಿಮಾಕ್ಕ ಕತ್ತರಿ ಹಾಕತಾರಂತ ನಮಗ ಹೇಳಿದಾವ್ರು ನೀವು. ನೀವ ಹಾಕಾಕತ್ತೀರಲ್ಲ, ಅದಕ್ಕೇನಂತಾರ?"

"ಹೇಳಿದವರ ಮ್ಯಾಲ ಮಂದಿ ಉಗುಳತಾರವಾ. ಅವರ ಪರಿಸ್ಥಿತಿ ಏನಿತ್ತು ಯಾರೂ ಕೇಳಂಗಿಲ್ಲ."

"ಉಗುಳ್ಲಿ ಬಿಡ್ರಿ. ನನಗ ಒಂದ ಮಾತ ಬೇಕು. ನಮ್ಮಪ್ಪನ್ನ ತೋರಿಸಿಕೊಟ್ಟಾವ ನಾ ಅಲ್ಲ ಅಂತ ನನ್ನ ಮುಖಾ ನೋಡಿ ಹೇಳ್ರಿ."

ಕಾಕಾನ ಕಣ್ಣು ಕಿಟಕಿಗೆ ಹೋಯಿತು. ಹೊರಗೆ ಬಿಳಿಜೋಳದ ಹೊಲ ಓಡುತ್ತಿತ್ತು.

"ಇಷ್ಟ ವರ್ಷ ಹಂಗ ತಿಳಕೊಂಡ ಬಾಳೇ ಮಾಡೀರಿ. ಹಂಗ ಇರ್ಲಿ ಬಿಡು" ಎಂದ.

ಕಿಟಕಿ ನೋಡುವವರ ಹತ್ತಿರ ಪಾಸ್ ಇರುವುದಿಲ್ಲ. ನನಗೆ ಖಾತ್ರಿಯಾಯಿತು. ರಾಮದುರ್ಗದ ಸಿನಿಮಾದಲ್ಲಿ ನೀವು ಇನ್ನೊಬ್ಬರ ಬಾಯಿ ಮುಚ್ಚಿಸಿದರೆ ಅಲ್ಲೇ ಎದ್ದು ನಿಂತು ನೀವು ಯಾರು, ಏನು ಮಾಡಿದವರು ಎಂದು ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವನು ಒಂದೇ ಮಾತು ಕೇಳಿಕೊಂಡ.

"ಹೇಳು. ಆದರ ಆವತ್ತ ಅವ್ವನ್ನ ಕರಕೊಂಡ ಬರಬ್ಯಾಡ."

ಅತ್ತಿಗೆಯ ಮುಂದೆ ಮಾನ ಹೋಗುತ್ತದೆಂಬ ಅಂಜಿಕೆ ಎಂದುಕೊಂಡೆ. ಅವ್ವನಿಗೆ ಇಳಕಲ್ ಸೀರೆ ಉಡಿಸಿ ಮುಂದಿನ ಸಾಲಿನಲ್ಲೇ ಕೂರಿಸಿದೆ.

ರಾಮದುರ್ಗದ ಹಾಲ್ ತುಂಬಿತ್ತು. ಕಾಕಾನ ಹಳೆಯ ವಿದ್ಯಾರ್ಥಿಗಳು, ಅವರ ಹೆಂಡಂದಿರು, ಸುಬೇದಾರ. ಕಾಕಾ ಅವ್ವನನ್ನು ನೋಡಿದ, ನನ್ನನ್ನು ನೋಡಿದ, ದೀಪ ಆರಿಸಿದ. ನಾನು ಗೋಡೆಯ ಪಕ್ಕ ನಿಂತುಕೊಂಡೆ.

ಸಿನಿಮಾ ಒಂದು ಸಮುದ್ರದ ಊರಿನದು. ಬಟ್ಟೆ ಒಗೆಯುವ ಹೆಂಗಸೊಬ್ಬಳ ಕತೆ. ಅವಳ ಮನೆಯ ಎದುರಿಗೇ ಸೈನ್ಯದ ಕಣ್ಣು ತಪ್ಪಿಸಿ ಒಬ್ಬ ಅಡಗಿದ್ದಾನೆ. ಒಂದು ದಿನ ಸಾದಾ ಉಡುಪಿನ, ನಗುಮುಖದ ಗಂಡಸೊಬ್ಬ ಒಂದು ಅಂಗಿ ಹಿಡಿದುಕೊಂಡು ಬರುತ್ತಾನೆ. ಅಂಗಿ ದಾರಿಯಲ್ಲಿ ಬಿದ್ದಿತ್ತು, ಯಾರದೋ ಪಾಪ, ಕೊಟ್ಟು ಹೋಗೋಣ ಎಂದು ಬಂದೆ ಅನ್ನುತ್ತಾನೆ. ಅಲ್ಲಿಯ ತನಕ ಕಾಕಾ ಎಲ್ಲ ಸರಿಯಾಗಿಯೇ ಹೇಳಿದ. ಆ ಹೆಂಗಸು ಅಂಗಿ ತಿರುಗಿಸಿ ನೋಡಿದಳು. ತಾನೇ ಒಗೆದ ಅಂಗಿಯ ಗುರುತು ಹತ್ತಿ ನಕ್ಕಳು. ತೋಳು ಚಾಚಿ ಎದುರಿನ ಮನೆಯ ಕಡೆ ಬೆರಳು ಮಾಡಿದಳು.

"ನನಗ ಗೊತ್ತಿಲ್ಲ ಅಂದ್ಲು" ಎಂದ ಕಾಕಾ.

ಹಾಲಿನಲ್ಲಿ ಗುಜುಗುಜು ಎದ್ದಿತು. ಪರದೆಯ ಮೇಲೆ ಅವಳ ಬೆರಳು ಇನ್ನೂ ಮೇಲಕ್ಕೇ ಇತ್ತು. ಯಾರೋ ನಕ್ಕರು. ನಾನು ಉಸಿರು ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವ್ವ ಎದ್ದಳು.

"ಬೊಟ್ಟ ಮಾಡಿ ತೋರಿಸಿದ್ಲಲ್ಲಪಾ. ಎಲ್ಲಾರೂ ನೋಡಾಕತ್ತಾರ. ನೀ ಯಾಕ ಇಲ್ಲ ಅಂತಿ?"

"ವೈನಿ, ಕುಂಡರ್ರಿ" ಎಂದ ಕಾಕಾ ಅತ್ತಿಗೆಗೆ. ಮೈಕ್ ಬಾಯಿಯ ಹತ್ತಿರವೇ ಇತ್ತು, ಇಡೀ ಹಾಲಿಗೆ ಕೇಳಿತು.

"ಕುಂಡ್ರಂಗಿಲ್ಲ. ಒಬ್ಬಾಕಿಯರ ಹೇಳಿದ್ಲು ಅಂತ ಹೇಳತಿ ಅಂತ ಪ್ರತಿ ಸಿನಿಮಾಕ್ಕ ಬಂದ ಕಾಯಾಕತ್ತೇನಿ. ನೀ ಯಾರನ್ನೂ ಹೇಳಗೊಡವಲ್ಲಿ."

ಆಮೇಲೆ ಅವ್ವ ನನ್ನ ಕಡೆ ತಿರುಗಿದಳು. ನೂರು ಜನ ಕೂತಿದ್ದರೂ ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ನಮ್ಮ ಮನಿಗೆ ಇಬ್ಬರು ಬಂದಿದ್ರು. ಬಿಳಿ ಧೋತರ, ತಲಿಗೆ ರುಮಾಲ, ಹಿರ್ಯಾರಂಗ ಇದ್ರು. ಬೆಲ್ಲ ನೀರು ಕೊಟ್ಟೆ. ನಿಮ್ಮ ಮೈದುನಗ ಕನ್ಯಾ ತಂದೇವಿ ಅಂದ್ರು. ಹುಡುಗಿ ಎಷ್ಟ ಓದ್ಯಾಳ, ಹೆಂಗ ಅದಾಳ, ಎಲ್ಲಾ ಹೇಳಿದ್ರು. ಮನಿ ಹಿರ್ಯಾವ್ರ ಜೋಡಿ ಮಾತಾಡಬೇಕಿತ್ತು, ಎಲ್ಲಿ ಸಿಗತಾರ ಅಂದ್ರು. ಮನಿಬಾಗಲಿಗೆ ಬಂದ ಕನ್ಯಾ ಹೆಂಗ ಹಿಂದಕ ಕಳಸ್ಲಿ? ಮನೋಳಿ ಪೇರಲ ತ್ವಾಟದಾಗ ಅದಾರ, ಅಲ್ಲೇ ಹೋಗಿ ಮಾತಾಡ್ರಿ ಅಂದೆ."

ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. "ಮನೋಳಿ ಅಂತ ನಿನಗ ಹೆಂಗ ಗೊತ್ತಿತ್ತವ್ವ?"

ಉತ್ತರ ಕಾಕಾನಿಂದ ಬಂತು. "ನಾ ಹೇಳಿದ್ದೆ. ಯಾರಿಗೂ ಹೇಳಬ್ಯಾಡ ಅಂದಿದ್ದ ಅಣ್ಣ. ವೈನಿ ಬಸುರಿ, ಎರಡ ದಿನ ಊಟ ಬಿಟ್ಟಿದ್ರು. ನೋಡಾಕ ಆಗಲಿಲ್ಲ, ಹೇಳಿದೆ."

"ಇಂವ ಬಂದು ಕೈ ಮುಗದ" ಎಂದಳು ಅವ್ವ. "ವೈನಿ, ಅಣ್ಣನ ಮುಂದ ಇದನ್ನ ಆಡಬ್ಯಾಡ್ರಿ, ನಿಮ್ಮನ್ನ ತವರಿಗೆ ಅಟ್ಟತಾನ, ಕೂಸು ಅಪ್ಪನ ಮುಖಾ ಕಾಣಂಗಿಲ್ಲ ಅಂದ. ಬೈಸಿಕೊಳ್ಳೂದಿದ್ರ ನಾ ಬೈಸಿಕೊಳ್ಳತೇನಿ ಅಂದ. ನಾ ಅಂಜಿಬುರಕಿ, ಹೂಂ ಅಂದೆ. ನಿನ್ನ ಹೊಟ್ಟ್ಯಾಗ ಇಟಗೊಂಡ ಹೂಂ ಅಂದೆ."

ಸಿನಿಮಾ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಅದರ ಬೆಳಕಿನಲ್ಲಿ ಕಾಕಾನ ಮುಖ ಕಂಡಿತು. ನಾನು ಇಷ್ಟು ವರ್ಷ ಆ ಮುಖದಲ್ಲಿ ಹುಡುಕಿದ್ದು ಅಲ್ಲಿ ಇರಲಿಲ್ಲ. ಇದ್ದದ್ದು ಬರೀ ಸುಸ್ತು. ಆವತ್ತು ಸುಳ್ಳು ಸುಳ್ಳೇ ಬಂದ ಆ ಕನ್ಯೆಯನ್ನು ಬಿಟ್ಟರೆ ಅವನಿಗೆ ಮತ್ತೊಂದು ಕನ್ಯೆ ಬರಲಿಲ್ಲ.

ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೆ. ಸತ್ತವನ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ, ಆದರೂ ಬಂತು. ಅವ್ವನನ್ನು ಅವನು ಒಂದು ಸಲವೂ ಕೇಳಿರಲಿಲ್ಲ. ಒಲೆಯ ಮುಂದೆ ಕೂರುವ ಹೆಂಗಸಿಗೆ ಏನು ಗೊತ್ತಿರುತ್ತದೆ ಎಂದು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಸ್ಸಿನ ತುಂಬ ಜನರನ್ನು ಅನುಮಾನಿಸುವ ನಾನೂ ಹಿಡಿದಿರಲಿಲ್ಲ.

ಬಾಗಿಲ ಹತ್ತಿರದಿಂದ ಸುಬೇದಾರ ಎದ್ದು ಬಂದು ಅವ್ವನಿಗೆ ಕುರ್ಚಿ ಸರಿಸಿ ಕೊಟ್ಟ. ಅವ್ವ ಕೂರಲಿಲ್ಲ.

"ಅವರು ಹೋದ ಮ್ಯಾಲೆ ನಾ ಹೋಳಿಗಿಗೆ ಬ್ಯಾಳಿ ಹಸನ ಮಾಡಿ ಇಟ್ಟಿದ್ದೆ" ಎಂದಳು. "ಹುಡುಗಿ ಕಡೆಯವರು ಮಾತು ಮುಗಿಸಿ ತಿರುಗಿ ಊಟಕ್ಕ ಬರತಾರಂತ. ಪೊಲೀಸರು ಅಂತ ಗೊತ್ತಾದ ಮ್ಯಾಲೂ ಒಂದ ದಿನ ದಾರಿ ನೋಡಿದೆ. ಅಷ್ಟ ಚಂದ ಹೇಳಿದ್ರಪಾ, ಆ ಹುಡುಗಿ ಬಗ್ಗೆ."

ಯಾರೂ ಉಗುಳಲಿಲ್ಲ.

"ಹಿಂದಕ ಹಾಕು ಅದನ್ನ" ಎಂದು ಅವ್ವ ಪರದೆಯ ಕಡೆ ಕೈ ಮಾಡಿದಳು. "ತೋರಿಸಿದ್ಲು ಅಂತ ಹೇಳು. ಆಕಿಗೆ ಗೊತ್ತಿರಲಿಲ್ಲ ಅಂತನೂ ಹೇಳು. ಎರಡೂ ಹೇಳಬೇಕು ನೀ."

ಕಾಕಾ ಸಿನಿಮಾವನ್ನು ಹಿಂದಕ್ಕೆ ತಂದ. ನಗುಮುಖದವನು ಮತ್ತೆ ಅಂಗಿ ಹಿಡಿದುಕೊಂಡು ಬಂದ, ಆ ಹೆಂಗಸು ಮತ್ತೆ ಅಂಗಿ ತಿರುಗಿಸಿ ನೋಡಿದಳು, ಮತ್ತೆ ನಕ್ಕಳು. ಅವಳ ತೋಳು ಏಳುವಾಗ ಕಾಕಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಂಗಿ ಆ ಮನಿಯವರದು ಅಂತ ತೋರಿಸಿದ್ಲು" ಎಂದ. ಆಮೇಲೆ ಕೆಳಗಿನ ಇಂಗ್ಲಿಷಿನಲ್ಲಿ ಎಲ್ಲೂ ಇಲ್ಲದ ಇನ್ನೊಂದು ಮಾತು ಹೇಳಿದ. "ಅಂಗಿ ಮುಟ್ಟಿಸಾಕ ಬಂದಾನಂತ ತಿಳಿದಿದ್ಲು."

ಅವ್ವ ಸುಬೇದಾರ ಕೊಟ್ಟ ಕುರ್ಚಿಯಲ್ಲಿ ಕೂತಳು. ಮುಂದೇನಾಯಿತು ಹೇಳು ಎಂದಳು.